ಶಾಲೆಯ ಸೂರು: ಕಟ್ಟಿದವರುಂಟು, ಕಾಯುವವರಾರು?

2025ರ ಜುಲೈ 25ರ ಬೆಳಿಗ್ಗೆ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಗ್ರಾಮದಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಅಸುನೀಗಿದ ವಾರ್ತೆಯನ್ನು ಓದುಗರು ಮರೆತಿರಲಾರರು. ಮೇಲಿನಿಂದ ಕಲ್ಲುಮಣ್ಣು ಉದುರುತ್ತಿದೆಯೆಂದು ಮಕ್ಕಳೇ ಮೊದಲು ಹೇಳಿದ್ದರೆಂದೂ ಅವರ ಮಾತಿಗೆ ಬೆಲೆ ಸಿಗಲಿಲ್ಲವೆಂದೂ ಆಗ ಪತ್ರಿಕೆಗಳು ವರದಿ ಮಾಡಿದ್ದವು. ಅಷ್ಟೇ ಕಳವಳಕಾರಿಯಾದ ಸಂಗತಿ ಇನ್ನೊಂದಿತ್ತು. ಶಿಥಿಲಗೊಂಡ ಶಾಲೆಗಳ ಪಟ್ಟಿಯನ್ನು ಜಿಲ್ಲಾಡಳಿತ ಕೇಳಿ ಪಡೆದಿತ್ತು. ಆ ಪಟ್ಟಿಯಲ್ಲಿ ಪಿಪ್ಲೋದಿಯ ಶಾಲೆಯ ಹೆಸರೇ ಇರಲಿಲ್ಲ. ಕಾಗದದ ಮೇಲೆ ಗಟ್ಟಿಯಾಗಿದ್ದ ಕಟ್ಟಡ ಮಕ್ಕಳ ತಲೆಯ ಮೇಲೆ ಬಿದ್ದಿತು.

ಮರುದಿನವೇ ಕೇಂದ್ರ ಶಿಕ್ಷಣ ಸಚಿವಾಲಯವು ಎಲ್ಲ ರಾಜ್ಯಗಳಿಗೂ ಶಾಲಾ ಕಟ್ಟಡಗಳ ಸುರಕ್ಷತೆಯನ್ನು ಪರಿಶೀಲಿಸುವಂತೆ ಸೂಚಿಸಿತು. ಪರಿಶೀಲನೆ ಆಗಬೇಕಾದುದೇ. ಆದರೆ ಪಟ್ಟಿಯನ್ನು ತಯಾರಿಸುವವರು ಯಾರು, ಪಟ್ಟಿಗೆ ಸೇರಿದ ಕೊಠಡಿಯ ಗತಿ ಮುಂದೇನು, ಆ ಕೊಠಡಿಯಲ್ಲಿ ಕುಳಿತಿದ್ದ ಮಕ್ಕಳು ನಾಳೆ ಎಲ್ಲಿ ಕೂರುತ್ತಾರೆ ಎಂಬ ಪ್ರಶ್ನೆಗಳಿಗೆ ಸುತ್ತೋಲೆಯಲ್ಲಿ ಉತ್ತರ ದೊರೆಯುವುದಿಲ್ಲ. ಉತ್ತರವನ್ನು ಹುಡುಕಬೇಕಾದುದು ನಮ್ಮ ನಮ್ಮ ಊರುಗಳಲ್ಲಿ. ಆದ್ದರಿಂದ ಈ ವಾರ ರಾಜಸ್ಥಾನವನ್ನು ಬಿಟ್ಟು ಹೊನ್ನಾಳಿ ಸೀಮೆಗೆ ಬರೋಣ.

ಸಾಸ್ವೆಹಳ್ಳಿ ಒಂದು ಹೋಬಳಿ ಕೇಂದ್ರ. ಇತ್ತೀಚಿನ ವರ್ಷಗಳಲ್ಲಿ ಅದರ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಪಾಲು ಏತ ನೀರಾವರಿ ಯೋಜನೆಯ ದೆಸೆಯಿಂದ. ತುಂಗಭದ್ರೆಯ ನೀರನ್ನು ಮೇಲೆತ್ತಿ ಬಯಲುಸೀಮೆಯ ಕೆರೆಗಳನ್ನು ತುಂಬಿಸುವ ಆ ಯೋಜನೆ ದೊಡ್ಡದು. ಅದಕ್ಕೆ ನಕಾಶೆಯುಂಟು, ಟೆಂಡರ್ ಉಂಟು, ವಿಧಾನಸಭೆಯಲ್ಲಿ ಪ್ರಶ್ನೋತ್ತರವೂ ಉಂಟು. ಅದೇ ಸೀಮೆಯ ಒಂದು ಪ್ರಾಥಮಿಕ ಶಾಲೆಯ ಒಡೆದ ಹಂಚಿಗೆ ಇವು ಯಾವುವೂ ಇಲ್ಲ. ಎರಡನ್ನೂ ಹೋಲಿಸುವುದು ಸರಿಯೇ ಎಂದು ಕೇಳುವವರಿರಬಹುದು. ನೀರು ಬಂದು ಬೆಳೆ ಬೆಳೆದ ಮೇಲೂ ಆ ರೈತನ ಮಗಳು ಮಳೆಗಾಲದಲ್ಲಿ ಪಾಟಿಚೀಲವನ್ನು ಎದೆಗೊತ್ತಿಕೊಂಡು ಸೋರದ ಮೂಲೆಯನ್ನು ಹುಡುಕುತ್ತಿದ್ದರೆ ಹೋಲಿಕೆ ತಪ್ಪಾಗಲಾರದು.

ದಾವಣಗೆರೆ ಜಿಲ್ಲೆಯಲ್ಲಾಗಲಿ, 1997ರವರೆಗೂ ಹೊನ್ನಾಳಿಯನ್ನು ಒಳಗೊಂಡಿದ್ದ ಶಿವಮೊಗ್ಗ ಜಿಲ್ಲೆಯಲ್ಲಾಗಲಿ, ಹಳೆಯ ಸರ್ಕಾರಿ ಶಾಲೆಯ ಅಂಗಳದಲ್ಲಿ ನಿಂತು ನೋಡಿದರೆ ಸಾಮಾನ್ಯವಾಗಿ ಮೂರು ತಲೆಮಾರುಗಳು ಒಟ್ಟಿಗೆ ಕಾಣಿಸುತ್ತವೆ. ಒಂದು ಕಡೆ ದಪ್ಪ ಗೋಡೆಯ, ಮಂಗಳೂರು ಹಂಚಿನ ಉದ್ದನೆಯ ಕಟ್ಟಡ. ಅದರ ಪಕ್ಕದಲ್ಲಿ ಎಂಬತ್ತು ತೊಂಬತ್ತರ ದಶಕಗಳಲ್ಲಿ ಒಂದೊಂದು ಯೋಜನೆಯಡಿ ಒಂದೊಂದರಂತೆ ಎದ್ದ ತಾರಸಿ ಕೊಠಡಿಗಳು. ಇನ್ನೊಂದು ಮಗ್ಗುಲಲ್ಲಿ ಈಚೆಗೆ ಕಟ್ಟಿದ, ಗೋಡೆಯ ತುಂಬ ಚಿತ್ರ ಬರೆದ ಹೊಸ ಕೊಠಡಿ. ನೋಡುವವರು ಮೊದಲನೆಯದನ್ನು ಮುದುಕನೆಂದೂ ಕೊನೆಯದನ್ನು ಕೂಸೆಂದೂ ಭಾವಿಸುವುದು ಸಹಜ. ವಾಸ್ತವದಲ್ಲಿ ಹೆಚ್ಚಿನ ಅಪಾಯವಿರುವುದು ಅನೇಕ ಕಡೆ ನಡುವಿನ ತಲೆಮಾರಿನಲ್ಲಿ.

ಇದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಮಂಗಳೂರು ಹಂಚಿನ ಕತೆ ಹಳೆಯದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆಯನ್ನು ತೆರೆದ ಮೇಲೆ ಅದು ಶಾಲೆ, ಕಚೇರಿ, ರೈಲು ನಿಲ್ದಾಣ, ದೇವಾಲಯಗಳ ಮೇಲೆಲ್ಲ ಏರಿ ಕುಳಿತಿತು. ಹಂಚಿನ ಮಾಡು ಸಾಯುವುದಿದ್ದರೆ ಹೇಳಿ ಸಾಯುತ್ತದೆ. ಮೊದಲು ಒಂದು ಹಂಚು ಸರಿಯುತ್ತದೆ, ಆ ಕಿಂಡಿಯಲ್ಲಿ ಬಿಸಿಲು ಕಾಣಿಸುತ್ತದೆ, ಮಳೆ ಬಂದಾಗ ಅಲ್ಲಿ ಹನಿಯುತ್ತದೆ. ಮಲೆನಾಡಿನ ಹಿರಿಯರು ಮುಂಗಾರಿಗೆ ಮೊದಲು ತಪ್ಪದೆ ಹಂಚು ಕೈಯಾಡಿಸುತ್ತಿದ್ದರು. ಒಡೆದುದನ್ನು ತೆಗೆದು, ಸರಿದುದನ್ನು ಕೂರಿಸಿ, ರೀಪಿಗೆ ಗೆದ್ದಲು ಹತ್ತಿದೆಯೇ ಎಂದು ತಟ್ಟಿ ನೋಡುತ್ತಿದ್ದರು. ಎರಡಾಳಿನ ಎರಡು ದಿನದ ಕೆಲಸ. ಅದನ್ನು ನಾಲ್ಕು ವರ್ಷ ಬಿಟ್ಟರೆ ನೀರು ಗೋಡೆಯ ತಲೆಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುವ ಜಾಗದಲ್ಲಿ, ಕಣ್ಣಿಗೆ ಕಾಣದಂತೆ, ಕೊಳೆಯಲಾರಂಭಿಸುತ್ತದೆ. ಆಮೇಲೆ ಅದು ಎರಡು ದಿನದ ಕೆಲಸವಲ್ಲ, ಎರಡು ಲಕ್ಷದ ಕೆಲಸವೂ ಅಲ್ಲ.

ತಾರಸಿಯ ಸ್ವಭಾವ ಬೇರೆ. ಮೇಲೆ ಬಿದ್ದ ತರಗೆಲೆ ನೀರಿನ ಕೊಳವೆಯನ್ನು ಮುಚ್ಚಿದರೆ ಮಳೆಯ ನೀರು ಅಲ್ಲಿಯೇ ನಿಂತು ಇಂಗುತ್ತದೆ. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣವು ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ತನ್ನ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮರಳು ತೊಳೆಯದೆ, ಸಿಮೆಂಟನ್ನು ಉಳಿಸಿ, ಸರಳನ್ನು ಛಾವಣಿಯ ತಳಕ್ಕೆ ತೀರ ಹತ್ತಿರ ಕಟ್ಟಿ, ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಆತುರದಲ್ಲಿ ಎರಕ ಹೊಯ್ದ ಕೊಠಡಿಗಳಲ್ಲಿ ಇದು ಬೇಗನೆ ಆಗುತ್ತದೆ. ಕೆಳಗೆ ಕುಳಿತವರಿಗೆ ಕಾಣಿಸುವುದು ಛಾವಣಿಯಲ್ಲಿ ಒಂದು ಕಂದುಬಣ್ಣದ ಕಲೆ, ಸರಳಿನ ಉದ್ದಕ್ಕೂ ಒಂದು ನೇರವಾದ ಬಿರುಕು, ಆಗಾಗ ಉದುರುವ ಅಂಗೈಯಗಲದ ಗಾರೆಯ ಚಕ್ಕೆ. ಎರೆಮಣ್ಣಿನ ಕಡೆಗಳಲ್ಲಿ ನೆಲವೇ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ತಳಪಾಯ ಆಳವಿಲ್ಲದ ಕೊಠಡಿಯ ಗೋಡೆಗಳು ಮೂಲೆಯಿಂದ ಬಾಯಿಬಿಡುತ್ತವೆ.

ಇಂತಹ ಗೋಡೆಗೆ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದು ದುರಸ್ತಿಯೆಂದು ಕರೆಸಿಕೊಳ್ಳುತ್ತದೆ. ಎಂಜಿನಿಯರು ಓದಬೇಕಾದ ಬಿರುಕನ್ನು ಅದು ಅಳಿಸಿಹಾಕುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಸುಣ್ಣ ಬಳಿದ ಸಮಾಧಿಗಳ ಬಗ್ಗೆ ಯೇಸುಸ್ವಾಮಿ ಆಡಿದ ಕಠೋರವಾದ ಮಾತು ಓದುಗರ ನೆನಪಿಗೆ ಬಂದರೆ ನಾನು ತಡೆಯಲಾರೆ.

ಹಾಗಾದರೆ ಶಾಲೆಯ ಸೂರು ಈ ಸ್ಥಿತಿಗೆ ಬಂದುದು ಹೇಗೆ? ಇದು ಬಡತನದ ಫಲವೆಂದು ಹೇಳಿಬಿಡುವುದು ಸುಲಭ. ಆದರೆ ಇತಿಹಾಸ ಹಾಗೆ ಹೇಳುವುದಿಲ್ಲ. ಶಾಸನಗಳ ಸಂಗ್ರಹದಿಂದ ಕನ್ನಡಿಗರ ಗೌರವಕ್ಕೆ ಪಾತ್ರರಾದ ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯಲ್ಲಿದ್ದ ಕಾಲದಲ್ಲಿ, 1868ರಲ್ಲಿ, ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳ ಯೋಜನೆ ಆರಂಭವಾಯಿತು. ಹೋಬಳಿಗೊಂದು ಶಾಲೆ ಎಂಬುದು ಅದರ ಆಶಯ. ಉಪಾಧ್ಯಾಯರ ಸಂಬಳ ಸರ್ಕಾರದ್ದು. ಶಾಲೆಗೆ ಒಂದು ಮನೆಯನ್ನು ಊರವರೇ ಒದಗಿಸಬೇಕೆಂಬುದು ಆ ಕಾಲದ ಪದ್ಧತಿ. ಬಡತನ ಆಗ ಇಂದಿಗಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ಆದರೂ ಊರ ಗೌಡರ ಜಗುಲಿಯಲ್ಲಿಯೋ ದೇವಸ್ಥಾನದ ಮಂಟಪದಲ್ಲಿಯೋ ಊರವರು ಎತ್ತಿದ ಗೋಡೆಗಳ ನಡುವೆಯೋ ಅಕ್ಷರಾಭ್ಯಾಸ ನಡೆಯಿತು. ಎಲ್ಲ ಜಾತಿಯ ಮಕ್ಕಳಿಗೂ ಆ ಜಗುಲಿ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಶಾಲೆಯನ್ನು ಸರ್ಕಾರ ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡುದರಿಂದಲೇ ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಆ ಒಳ್ಳೆಯ ಬದಲಾವಣೆಯ ಜೊತೆಗೆ ಇನ್ನೊಂದೂ ಆಯಿತು. ‘ನಮ್ಮೂರ ಶಾಲೆ’ ಎಂಬುದು ‘ಸರ್ಕಾರಿ ಶಾಲೆ’ಯಾಯಿತು, ಹಂಚು ಕೈಯಾಡಿಸುವ ಕೈಗಳು ಅರ್ಜಿ ಬರೆಯುವ ಕೈಗಳಾದವು.

ಹೆಚ್ಚು ಜನರಿಗೆ ಸಮಾನವಾಗಿ ಸೇರಿದ ವಸ್ತುವಿಗೆ ಕಡಿಮೆ ಆರೈಕೆ ದೊರೆಯುತ್ತದೆಂದು ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರದಲ್ಲಿ ಗುರುತಿಸಿದ್ದಾನೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಆ ಅವಲೋಕನಕ್ಕೆ ನಮ್ಮ ಶಾಲಾ ಅಂಗಳಗಳಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಸಂತ ತೋಮಸ್ ಅಕ್ವಿನಾಸರು ಇನ್ನೊಂದು ಮಾತನ್ನು ಕಲಿಸುತ್ತಾರೆ. ಸೃಷ್ಟಿಸುವುದು ಒಂದು ಕಾರ್ಯ, ಸೃಷ್ಟಿಯಾದುದನ್ನು ಉಳಿಸುವುದು ಇನ್ನೊಂದು ಬೇರೆ ಕಾರ್ಯ ಎಂದು ಭಾವಿಸಬಾರದು. ಉಳಿಸುವಿಕೆಯು ಸೃಷ್ಟಿಯ ಮುಂದುವರಿಕೆಯೇ ಎಂಬುದು ಅವರ ವಾದ. ಅವರು ಹೇಳಿದುದು ದೇವರ ಕಾರ್ಯದ ಕುರಿತು. ಮನುಷ್ಯರ ಕಟ್ಟಡಗಳಿಗೂ ಅದು ಒಪ್ಪುತ್ತದೆಂದು ನನ್ನ ಎಣಿಕೆ. ಶಾಲೆಯನ್ನು ಕಟ್ಟಿ ಮುಗಿಸಿದೆವೆಂದು ಹೇಳುವ ದಿನವೇ ಇಲ್ಲ. ನಮ್ಮ ಆಡಳಿತ ಪದ್ಧತಿ ಮಾತ್ರ ಉದ್ಘಾಟನೆಯ ದಿನವನ್ನು ಮುಕ್ತಾಯದ ದಿನವೆಂದು ಎಣಿಸುತ್ತದೆ.

ಹಣದ ಲೆಕ್ಕವನ್ನೇ ನೋಡಿ. ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಸರ್ಕಾರಿ ಶಾಲೆಗೂ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನವೆಂಬುದು ಬರುತ್ತದೆ. ಮೂವತ್ತರವರೆಗೆ ಮಕ್ಕಳಿರುವ ಶಾಲೆಗೆ 10,000 ರೂಪಾಯಿ, ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000 ಎಂಬುದು ಯೋಜನೆಯ ಮಾನದಂಡ. ಇದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ವಿದ್ಯುತ್ ಬಿಲ್ಲು, ಶುಚಿತ್ವ, ಚಿಕ್ಕಪುಟ್ಟ ದುರಸ್ತಿ ಎಲ್ಲವೂ ನಡೆಯಬೇಕು. ಮೊತ್ತ ಸಣ್ಣದೆಂಬುದು ಒಂದು ದೂರು. ನನ್ನ ಆಕ್ಷೇಪ ಅದರ ಅಳತೆಗೋಲಿನ ಮೇಲೆ. ಅನುದಾನವನ್ನು ಮಕ್ಕಳ ತಲೆ ಎಣಿಸಿ ಕೊಡಲಾಗುತ್ತದೆ. ಮಳೆಯಾದರೋ ಛಾವಣಿಯ ವಿಸ್ತೀರ್ಣವನ್ನು ನೋಡಿ ಬೀಳುತ್ತದೆ. ಒಂದು ಕಾಲದಲ್ಲಿ ಇನ್ನೂರು ಮಕ್ಕಳಿದ್ದು ಈಗ ಇಪ್ಪತ್ತೆಂಟಕ್ಕೆ ಇಳಿದಿರುವ ಹಳ್ಳಿಯ ಶಾಲೆಗೆ ಆರು ಹಳೆಯ ಕೊಠಡಿಗಳನ್ನು ಕಾಯಲು ಹತ್ತು ಸಾವಿರ. ಪಟ್ಟಣದ ಹೊರವಲಯದಲ್ಲಿ ಹೊಸದಾಗಿ ಕಟ್ಟಿದ, ಮಕ್ಕಳು ತುಂಬಿರುವ ಶಾಲೆಗೆ ಅದರ ಹಲವು ಪಟ್ಟು. ಹೆಚ್ಚು ಮುದಿಯಾದ ಕಟ್ಟಡಕ್ಕೆ ಕಡಿಮೆ ಔಷಧ ಎಂಬ ಈ ವಿಚಿತ್ರ ಚಿಕಿತ್ಸೆಯನ್ನು ಯಾರೂ ದುರುದ್ದೇಶದಿಂದ ರೂಪಿಸಿದುದಲ್ಲ. ಆದರೆ ಪರಿಣಾಮ ಮಾತ್ರ ಹಾಗೆಯೇ ಆಗುತ್ತದೆ.

ಹೊಸ ಕೊಠಡಿಗೆ ಹಣ ಬರುವುದಿಲ್ಲವೇ? ಬರುತ್ತದೆ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಕಾಲದಿಂದ ಸರ್ವ ಶಿಕ್ಷಾ ಅಭಿಯಾನದವರೆಗೆ ಸಾವಿರಾರು ಕೊಠಡಿಗಳು ಎದ್ದಿವೆ. 2022ರಲ್ಲಿ ಆಗಿನ ರಾಜ್ಯ ಸರ್ಕಾರವು ‘ವಿವೇಕ’ ಎಂಬ ಹೆಸರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿಗಳನ್ನು ಕಟ್ಟಲು ಮುಂದಾಯಿತು. ಅದು ಸಣ್ಣ ಕೆಲಸವಲ್ಲ. ಆದರೆ ಆ ನವೆಂಬರಿನಲ್ಲಿ ರಾಜ್ಯವೆಲ್ಲ ಚರ್ಚಿಸಿದುದು ಗೋಡೆಗೆ ಬಳಿಯಲಿರುವ ಬಣ್ಣ ಕೇಸರಿಯಾಗಬೇಕೋ ಬೇಡವೋ ಎಂಬುದನ್ನು. ಪರ ವಹಿಸಿದವರೂ ವಿರೋಧಿಸಿದವರೂ ತಿಂಗಳುಗಟ್ಟಲೆ ಬಣ್ಣದ ಮಾತಾಡಿದರು. ಇಷ್ಟು ಕೊಠಡಿಗಳನ್ನು ಮುಂದಿನ ಮೂವತ್ತು ವರ್ಷ ಸೋರದಂತೆ ನೋಡಿಕೊಳ್ಳುವವರು ಯಾರು, ಅದಕ್ಕೆ ಪ್ರತಿವರ್ಷ ಎಷ್ಟು ಹಣ ತೆಗೆದಿಡಬೇಕು ಎಂದು ಕೇಳಿದ ದನಿ ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಹೊಸ ಕೊಠಡಿಗೆ ಶಂಕುಸ್ಥಾಪನೆಯುಂಟು, ಶಿಲಾಫಲಕವುಂಟು. ಬದಲಾಯಿಸಿದ ಹಂಚಿನ ಮೇಲೆ ಯಾವ ಶಾಸಕರ ಹೆಸರನ್ನೂ ಕೆತ್ತಿಸಲಾಗದು.

ಪ್ರಕೃತಿ ವಿಕೋಪ ಪರಿಹಾರ ನಿಧಿಯ ವಿಷಯವೂ ಯೋಚಿಸಬೇಕಾದುದೇ. 2019ರ ಮತ್ತು 2022ರ ಅತಿವೃಷ್ಟಿಯಲ್ಲಿ ರಾಜ್ಯದ ಬಹಳಷ್ಟು ಶಾಲೆಗಳು ಹಾನಿಗೊಂಡು, ದುರಸ್ತಿಗೆ ಆ ನಿಧಿಯಿಂದ ಹಣ ದೊರೆತಿತು. ಮಳೆಯಿಂದ ಬಿದ್ದ ಗೋಡೆಗೆ ಪರಿಹಾರವಿದೆ. ಮಳೆಗೆ ಬೀಳಲಿರುವ ಗೋಡೆಗೆ ಆ ನಿಧಿಯಲ್ಲಿ ಜಾಗವಿಲ್ಲ. ಬೇಸಿಗೆಯಲ್ಲಿ ಅಲುಗಾಡುತ್ತಿದ್ದ ಗೋಡೆಯನ್ನು ಕಂಡ ಮುಖ್ಯೋಪಾಧ್ಯಾಯರೊಬ್ಬರು, ಶಾಲೆಗೆ ರಜೆಯಿರುವ ಒಂದು ರಾತ್ರಿ ಅದು ತಾನಾಗಿ ಬಿದ್ದುಹೋಗಲೆಂದು ಮನಸ್ಸಿನಲ್ಲಿ ಹಾರೈಸಿದರೆ ಅವರನ್ನು ಹೇಗೆ ದೂಷಿಸುವುದು?

ಈಗ ಶಿಥಿಲವೆಂದು ಘೋಷಿತವಾದ ಕೊಠಡಿಯ ಹಾದಿಯನ್ನು ಗಮನಿಸೋಣ. ಮುಖ್ಯೋಪಾಧ್ಯಾಯರು ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಬರೆಯಬೇಕು. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರು ಬಂದು ನೋಡಿ ವರದಿ ಕೊಡಬೇಕು. ಕೆಡವಲು ಮೇಲಿನ ಅನುಮತಿ ಬರಬೇಕು. ಹಳೆಯ ಮರಮುಟ್ಟು, ಹಂಚುಗಳಿಗೆ ಬೆಲೆ ಕಟ್ಟಿ ಹರಾಜು ಹಾಕಬೇಕು. ಒಂದೊಂದು ಮೇಜಿನ ಮೇಲೂ ಕಡತ ಕೆಲವು ತಿಂಗಳು ಮಲಗಿದರೆ ಎರಡು ಮಳೆಗಾಲ ಕಳೆಯುತ್ತವೆ. ಊರಿನ ದಾನಿಯೊಬ್ಬರು ಬಾಯಿಮಾತಿನಲ್ಲಿ ಕೊಟ್ಟ ಜಾಗವಾಗಿದ್ದು ದಾನಪತ್ರ ನೋಂದಣಿಯಾಗದೆ ಉಳಿದಿದ್ದರೆ ಮೊಮ್ಮಕ್ಕಳ ತಕರಾರು ಬೇರೆ. ಈ ಅವಧಿಯಲ್ಲಿ ಕಟ್ಟಡ ಶಾಲೆಯೂ ಅಲ್ಲ, ಬಯಲೂ ಅಲ್ಲ. ಬಾಗಿಲಿಗೆ ಒಂದು ಬೀಗ; ಅದರ ನೆರಳಿನಲ್ಲಿಯೇ ಮಕ್ಕಳ ಆಟ, ಅದರ ಜಗುಲಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಹೊಸ ಕೊಠಡಿ ಮಂಜೂರಾಗುವುದು ದಾಖಲಾತಿಯ ಆಧಾರದ ಮೇಲೆ. ಮಕ್ಕಳು ಕಡಿಮೆಯಿರುವ ಶಾಲೆಯ ಹಳೆಯ ಕಟ್ಟಡವನ್ನು ಕೆಡವಿದರೆ ಅದರ ಬದಲಿಗೆ ಹೊಸದು ಬರುತ್ತದೆಂಬ ಭರವಸೆಯಿಲ್ಲ. ಕಟ್ಟಡ ಹೋದ ಮೇಲೆ ಶಾಲೆಯೇ ಪಕ್ಕದೂರಿಗೆ ವಿಲೀನವಾಗಬಹುದೆಂಬ ಭಯ ಊರವರಿಗೆ. ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸಲು ಸರ್ಕಾರ 2025ರಲ್ಲಿ ಹೆಜ್ಜೆಯಿಟ್ಟಾಗ ಈ ಭಯ ಇನ್ನೂ ಬಲವಾಗಿ ಕೇಳಿಬಂದಿತು. ಹೋಬಳಿ ಕೇಂದ್ರದಲ್ಲೊಂದು ದೊಡ್ಡ, ಸುಸಜ್ಜಿತ ಶಾಲೆ ಇರುವುದು ಒಳ್ಳೆಯದೇ. ಆದರೆ ಒಂದನೆಯ ತರಗತಿಯ ಮಗು ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂಬ ನಿಯಮವನ್ನು ನಾವೇ ಮಾಡಿಕೊಂಡಿದ್ದೇವೆ. ಆದ್ದರಿಂದ ಕಟ್ಟಡ ಶಿಥಿಲವೆಂದು ಒಪ್ಪಿಕೊಂಡರೆ ಶಾಲೆ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೆ ಮಕ್ಕಳಿಗೆ ಅಪಾಯ ಎಂಬ ಇಕ್ಕಟ್ಟಿನಲ್ಲಿ ಒಂದು ಊರನ್ನು ಸಿಕ್ಕಿಸುವುದು ನ್ಯಾಯವಲ್ಲ. ಕೆಡವುವ ಆದೇಶ ಮತ್ತು ಹೊಸ ಕೊಠಡಿಯ ಮಂಜೂರಾತಿ ಒಂದೇ ಕಾಗದದಲ್ಲಿ ಬರುವಂತಾದರೆ ಊರವರು ಸತ್ಯ ಹೇಳಲು ಹೆದರಲಾರರು.

ಅಪಾಯವೆಂದಾಗ ನಾವು ಕುಸಿತವನ್ನು ಮಾತ್ರ ನೆನೆಯುತ್ತೇವೆ. ಆದರೆ ಬೀಳದೆಯೂ ಕಟ್ಟಡ ಕೆಡುಕು ಮಾಡುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗಳಲ್ಲಿ ನಡೆದುಬಂದಿರುವ ನಲಿ-ಕಲಿ ಪದ್ಧತಿಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ನಾಡಿನಾದ್ಯಂತ ಹರಡಿದ ಈ ಪದ್ಧತಿಯಲ್ಲಿ ಗೋಡೆಯೂ ನೆಲವೂ ಛಾವಣಿಯೂ ಪಾಠದ ಸಾಮಗ್ರಿಗಳೇ. ಮಗು ನೆಲದ ಮೇಲೆ ಗುಂಪಿನಲ್ಲಿ ಕೂರುತ್ತದೆ. ಅದರ ಎತ್ತರಕ್ಕೆ ಸರಿಯಾಗಿ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ. ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ, ಕಾಗದದ ಹಕ್ಕಿಗಳನ್ನು ತೂಗುಬಿಡುವ ಚಪ್ಪರ. ನೆಲ ಜಿನುಗಿದರೆ ಗುಂಪು ಕೂರುವಂತಿಲ್ಲ. ಗೋಡೆ ತೇವವಾದರೆ ಹಲಗೆಯ ಮೇಲೆ ಅಕ್ಷರ ಮೂಡುವುದಿಲ್ಲ. ಸೋರಿದರೆ ಚಪ್ಪರವೂ ಕಲಿಕಾ ಕಾರ್ಡುಗಳೂ ಹೋದವು. ಆಗ ಆ ಮಕ್ಕಳನ್ನು ಎಬ್ಬಿಸಿ ಐದನೆಯ ತರಗತಿಯ ಬೆನ್ನಿಗೆ ಕೂರಿಸುತ್ತಾರೆ. ಒಂದು ಕೋಣೆಯಲ್ಲಿ ಇಬ್ಬರು ಉಪಾಧ್ಯಾಯರು ಎರಡು ಪಾಠ ಹೇಳುತ್ತಾರೆ. ಮಗು ಓದುವುದರಲ್ಲಿ ಹಿಂದುಳಿದಿದೆಯೆಂದು ಸಮೀಕ್ಷೆಗಳು ಹೇಳುವಾಗ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದು ಎಲ್ಲಿ ಕುಳಿತಿತ್ತೆಂದು ಯಾರೂ ವಿಚಾರಿಸುವುದಿಲ್ಲ.

ಕಾನೂನಿನ ಬೆಂಬಲ ಇಲ್ಲವೆನ್ನುವಂತಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಗರಿಯ ಮಾಡಿಗೆ ಬೆಂಕಿ ತಗಲಿ ಒಂದೇ ಶಾಲೆಯ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲಿನಲ್ಲಿ ತೀರ್ಪು ನೀಡಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಕವಾಗಿದೆಯೆಂದು ಸಾರಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಎಲ್ಲ ಋತುಗಳಿಗೂ ತಕ್ಕ ಕಟ್ಟಡ, ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯಗಳನ್ನು ಕಡ್ಡಾಯ ಮಾಡಿದೆ. ಕಾಯಿದೆ ಬರೆದವರು ಎಲ್ಲ ಋತುಗಳೆಂದಾಗ ಆಷಾಢವನ್ನೂ ಸೇರಿಸಿಯೇ ಬರೆದಿರಬೇಕು.

ಸಿರಿವಂತ ದೇಶಗಳಲ್ಲಿಯೂ ಈ ಸಮಸ್ಯೆ ಇಲ್ಲದಿಲ್ಲ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ಶಾಲೆಗಳ ಛಾವಣಿಗೆ ಒಂದು ಬಗೆಯ ಹಗುರವಾದ, ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟು ಹಲಗೆಗಳನ್ನು ಬಳಸಿದ್ದರು. 2018ರಲ್ಲಿ ಕೆಂಟ್ ಪ್ರಾಂತದ ಪ್ರಾಥಮಿಕ ಶಾಲೆಯೊಂದರ ಅಂತಹ ಛಾವಣಿ ವಾರಾಂತ್ಯದ ರಜೆಯಲ್ಲಿ ಕುಸಿಯಿತು. ಅದೃಷ್ಟವಶಾತ್ ಒಳಗೆ ಯಾರೂ ಇರಲಿಲ್ಲ. ಐದು ವರ್ಷ ಪತ್ರವ್ಯವಹಾರವೇ ನಡೆಯಿತು. 2023ರ ಆಗಸ್ಟ್ 31ರಂದು, ಹೊಸ ಅವಧಿ ಆರಂಭವಾಗಲು ಕೆಲವೇ ದಿನಗಳಿರುವಾಗ, ಅಲ್ಲಿನ ಸರ್ಕಾರ ನೂರಕ್ಕೂ ಹೆಚ್ಚು ಶಾಲೆಗಳಿಗೆ ಅಂತಹ ಛಾವಣಿಯಿರುವ ಕೊಠಡಿಗಳನ್ನು ಕೂಡಲೆ ಮುಚ್ಚುವಂತೆ ಹೇಳಿತು. ಪೋಷಕರು ಸಿಟ್ಟಾದರು, ಮಂತ್ರಿಗಳು ನಗೆಪಾಟಲಾದರು. ತಡವಾಗಿಯಾದರೂ ಮುಚ್ಚಿದುದು ಸರಿಯೆಂದೇ ನಾನು ಭಾವಿಸುತ್ತೇನೆ. ಅನುಮಾನವಿದ್ದ ಕಡೆ ಬಾಗಿಲು ಹಾಕಿ ಆಮೇಲೆ ಲೆಕ್ಕ ನೋಡುವುದನ್ನು ನಾವು ಕಲಿಯಬೇಕಾಗಿದೆ.

ನಮ್ಮಲ್ಲಿ ಬಾಗಿಲು ಹಾಕುವ ಅಧಿಕಾರ ಯಾರದು? ಪಿಪ್ಲೋದಿಯ ದುರಂತದ ನಂತರ ಶಿಕ್ಷಕರನ್ನು ಅಮಾನತುಗೊಳಿಸಲಾಯಿತು. ಮಕ್ಕಳ ಮಾತನ್ನು ಕೇಳದಿದ್ದವರ ಹೊಣೆಗಾರಿಕೆ ಇದ್ದೇ ಇದೆ. ಆದರೆ ಒಂದು ಹಂಚನ್ನು ಬದಲಾಯಿಸಲೂ ಸ್ವಂತ ಅಧಿಕಾರವಿಲ್ಲದ ಉಪಾಧ್ಯಾಯರ ಮೇಲೆ ಕಟ್ಟಡದ ಭಾರವನ್ನೆಲ್ಲ ಹೊರಿಸಿದರೆ ಮೇಲಿನ ಕಚೇರಿಗಳು ಹಗುರಾಗುತ್ತವೆ ಅಷ್ಟೆ. ಕಟ್ಟಡದ ಸ್ಥಿತಿಯನ್ನು ವರ್ಷಕ್ಕೊಮ್ಮೆ ಸರ್ಕಾರಿ ನಮೂನೆಯಲ್ಲಿ ಭರ್ತಿ ಮಾಡುವವರೂ ಅವರೇ: ‘ಉತ್ತಮ’, ‘ಸಣ್ಣ ದುರಸ್ತಿ’, ‘ದೊಡ್ಡ ದುರಸ್ತಿ’. ಗಣಿತವನ್ನೋ ಕನ್ನಡವನ್ನೋ ಓದಿ ಬಂದವರು ಸರಳಿನ ತುಕ್ಕನ್ನು ಅಳೆಯುವುದು ಹೇಗೆ? ಎಂಜಿನಿಯರೊಬ್ಬರು ಪ್ರತಿ ಬೇಸಿಗೆಯಲ್ಲಿ ಬಂದು, ಕೊಠಡಿಯ ಬಾಗಿಲ ಮೇಲೆಯೇ ದಿನಾಂಕ ಮತ್ತು ಸಹಿಯೊಡನೆ ಬಳಸಬಹುದು ಅಥವಾ ಬಳಸಬಾರದು ಎಂದು ಬರೆಯಬೇಕು. ಅವರು ಬರುವವರೆಗೆ, ಸಂದೇಹ ಬಂದ ಕೊಠಡಿಗೆ ಬೀಗ ಹಾಕುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಇರಬೇಕು. ಬೀಗ ಹಾಕಿದುದಕ್ಕಾಗಿ ನೋಟೀಸು ಬರಬಾರದು.

ಇದರಲ್ಲಿ ನಮ್ಮ ಕ್ರೈಸ್ತ ಕುಟುಂಬಗಳಿಗೇನು ಸಂಬಂಧವೆಂದು ಕೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿಯೇ ಇದ್ದಾರೆ. ನಮ್ಮ ಮಕ್ಕಳಲ್ಲಿ ಅನೇಕರು ಪಟ್ಟಣದ ಆಂಗ್ಲ ಮಾಧ್ಯಮ ಶಾಲೆಗಳಿಗೆ, ಬಹಳ ಮಂದಿ ಧರ್ಮಭಗಿನಿಯರ ಶಾಲೆಗಳಿಗೆ, ಹಳದಿ ಬಸ್ಸಿನಲ್ಲಿ ಹೋಗುತ್ತಾರೆ. ತಂದೆತಾಯಿಗಳು ತಮ್ಮ ಮಕ್ಕಳಿಗೆ ಶಾಲೆಯನ್ನು ಆಯ್ದುಕೊಳ್ಳುವ ಹಕ್ಕುಳ್ಳವರೆಂದು ಧರ್ಮಸಭೆಯೇ 1965ರ ಶಿಕ್ಷಣ ಕುರಿತ ಘೋಷಣೆಯಲ್ಲಿ ಸಾರಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾತು ಬಲ್ಲ, ಕಚೇರಿಗೆ ಹೋಗಿ ನಾಲ್ಕು ಪ್ರಶ್ನೆ ಕೇಳಬಲ್ಲ ಕುಟುಂಬಗಳೆಲ್ಲ ತಮ್ಮ ಮಕ್ಕಳನ್ನು ಬಿಡಿಸಿಕೊಂಡಾಗ ಊರ ಶಾಲೆ ಕಳೆದುಕೊಳ್ಳುವುದು ಮಕ್ಕಳನ್ನು ಮಾತ್ರವಲ್ಲ. ಅಲ್ಲಿ ಉಳಿಯುವುದು ಕೂಲಿಕಾರರ, ದಲಿತರ, ವಲಸೆ ಬಂದವರ ಮಕ್ಕಳು. ಅವರ ತಂದೆತಾಯಿಗಳು ಒಂದು ದಿನ ಕಚೇರಿ ಅಲೆದರೆ ಒಂದು ದಿನದ ಕೂಲಿ ಹೋಯಿತು. ನಮ್ಮವರಲ್ಲಿಯೂ ಅಂತಹ ಬಡ ಕುಟುಂಬಗಳಿವೆ ಎಂಬುದನ್ನು ಭಾನುವಾರದ ಬಲಿಪೂಜೆಗೆ ಮುಂದಿನ ಸಾಲಿನಲ್ಲಿ ಕೂರುವವರು ಮರೆಯುವುದುಂಟು.

ಇಲ್ಲಿ ಕಾನೂನಿನ ಒಂದು ಸಂಗತಿಯನ್ನು ತಿಳಿದುಕೊಳ್ಳಬೇಕು. ರಾಜಾರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಆ ಶಾಲೆಯ ಮಕ್ಕಳ ಪೋಷಕರೇ ಇರಬೇಕು. ಅದು ಯೋಗ್ಯವಾದ ನಿಯಮ. ಆದ್ದರಿಂದ ಮಕ್ಕಳನ್ನು ಬೇರೆಡೆಗೆ ಕಳುಹಿಸುವ ನಮಗೆ ಅಲ್ಲಿ ಕುರ್ಚಿ ಸಿಗಲಾರದು. ಆದರೆ ಗ್ರಾಮಸಭೆಯ ಬಾಗಿಲು ಎಲ್ಲ ಮತದಾರರಿಗೂ ತೆರೆದಿದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕೆಂದು ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ನಮ್ಮ ಪಾಲನಾ ಸಮಿತಿಯ ಸದಸ್ಯರು ಧರ್ಮಕೇಂದ್ರದ ಹಬ್ಬದ ಧ್ವನಿವರ್ಧಕದ ಬಾಡಿಗೆಯ ಮೇಲೆ ಒಂದು ಸಂಜೆ ಚರ್ಚಿಸಬಲ್ಲವರು. ಅದೇ ಶ್ರದ್ಧೆಯಿಂದ ಗ್ರಾಮಸಭೆಯಲ್ಲಿ ಎದ್ದುನಿಂತು ಶಾಲೆಯ ಛಾವಣಿಯ ಮಾತೆತ್ತಿದರೆ ಅದಕ್ಕೆ ತೂಕವಿರುತ್ತದೆ, ತನ್ನ ಮಗುವಿಗಾಗಿ ಕೇಳುತ್ತಿಲ್ಲವೆಂಬ ಕಾರಣದಿಂದಲೇ.

ಹಬ್ಬದ ಮಾತು ಬಂದುದರಿಂದ ಇದನ್ನೂ ಹೇಳುತ್ತೇನೆ. ಯಾವ ಹಳ್ಳಿಯಲ್ಲಿಯಾದರೂ ಆಂಜನೇಯನ ಗುಡಿಗೆ ತೇರಿನ ಮುನ್ನ ಸುಣ್ಣ ಬೀಳುತ್ತದೆ. ರಂಜಾನಿಗೆ ಮೊದಲು ಮಸೀದಿಯ ನಲ್ಲಿ ರಿಪೇರಿಯಾಗುತ್ತದೆ. ಪಾಲಕ ಸಂತರ ಹಬ್ಬದ ನವದಿನ ಪ್ರಾರ್ಥನೆ ಆರಂಭವಾಗುವ ಮೊದಲು ನಮ್ಮ ದೇವಾಲಯದ ಮಾಡಿನ ಮೇಲೆ ಏಣಿ ಏರುತ್ತದೆ. ಶಾಲೆಗೆ ತೇರಿಲ್ಲ, ಉರುಸಿಲ್ಲ, ಹಬ್ಬವಿಲ್ಲ. ನೂರು ವರ್ಷಕ್ಕೊಮ್ಮೆ ಶತಮಾನೋತ್ಸವ ಬಂದರೆ ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನಿಂದ ಬಂದು ಹಣ ಕೊಡುತ್ತಾರೆ. ಆ ಹಣದಲ್ಲಿ ಬಹಳ ಕಡೆ ಏಳುವುದು ಮಹಾದ್ವಾರ. ದ್ವಾರದ ಕೆಳಗೆ ಮಳೆಗೆ ನಿಲ್ಲಲು ಆಗುವುದಿಲ್ಲ.

ನಮ್ಮ ಸಂಸ್ಥೆಗಳ ವಿಷಯದಲ್ಲಿಯೂ ಮೌನ ತಕ್ಕದ್ದಲ್ಲ. ಧರ್ಮಸಭೆ ನಡೆಸುವ ಕನ್ನಡ ಮಾಧ್ಯಮದ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಸರ್ಕಾರ ಶಿಕ್ಷಕರ ವೇತನವನ್ನು ಕೊಡುತ್ತದೆ. ಕಟ್ಟಡದ ಹೊಣೆ ಆಡಳಿತ ಮಂಡಳಿಯದು. ಅವುಗಳಲ್ಲಿಯೂ ಮಕ್ಕಳು ಕಡಿಮೆಯಾಗಿ, ನಿವೃತ್ತರಾದವರ ಜಾಗಗಳು ವರ್ಷಗಟ್ಟಲೆ ಖಾಲಿ ಉಳಿದು, ಹಂಚಿನ ಮಾಡುಗಳು ಹಳೆಯದಾಗಿವೆ. ಅದೇ ಆವರಣದಲ್ಲಿ ಆಂಗ್ಲ ಮಾಧ್ಯಮಕ್ಕೆ ನಾಲ್ಕಂತಸ್ತು ಏಳುವಾಗ ಕನ್ನಡ ಶಾಲೆಯ ಮಾಡಿಗೆ ನೀಲಿ ತಾಡಪಾಲು ಹೊದಿಸಿ ಸುಮ್ಮನಿರುವುದು ನಮಗೆ ಶೋಭಿಸದು. ಸರ್ಕಾರವನ್ನು ಕೇಳುವ ಬಾಯಿ ಮೊದಲು ಇಲ್ಲಿ ಉತ್ತರ ಹೇಳಿಕೊಳ್ಳಬೇಕಾಗುತ್ತದೆ.

ಕೊಠಡಿಗೆ ಬೀಗ ಬಿದ್ದ ದಿನ ಮಕ್ಕಳು ಎಲ್ಲಿ ಕೂರಬೇಕೆಂಬುದು ಉಳಿದ ಪ್ರಶ್ನೆ. ಮನೆಗೆ ಕಳುಹಿಸಿದರೆ ಪಾಠದ ಜೊತೆಗೆ ಊಟವೂ ತಪ್ಪುತ್ತದೆ. ಹಳ್ಳಿಗಳಲ್ಲಿ ಸಮುದಾಯ ಭವನಗಳುಂಟು, ಹಾಲು ಸೊಸೈಟಿಯ ಕಟ್ಟಡಗಳುಂಟು. ಧರ್ಮಕೇಂದ್ರವಿರುವ ಕಡೆ ನಮ್ಮ ಸಭಾಭವನಗಳು ಸೋಮವಾರದಿಂದ ಶನಿವಾರದವರೆಗೆ ಹೆಚ್ಚಾಗಿ ಖಾಲಿಯಾಗಿರುತ್ತವೆ. ಅವುಗಳ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಕೈಗಿಡಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಬಲಿಪೀಠದ ಚಿತ್ರ ಇರುವೆಡೆ ಅನ್ಯಧರ್ಮದ ಮಕ್ಕಳನ್ನು ಕೂರಿಸಿದರೆ ಊರಿನಲ್ಲಿ ಯಾರಾದರೂ ಬೇರೆ ಅರ್ಥ ಕಲ್ಪಿಸಿಯಾರೆಂಬ ಅಂಜಿಕೆ ಈ ದಿನಗಳಲ್ಲಿ ಇಲ್ಲದಿಲ್ಲ. ಪಂಚಾಯಿತಿಯ ಮೂಲಕ, ಲಿಖಿತವಾಗಿ, ಇಂತಿಷ್ಟು ವಾರಗಳಿಗೆಂದು ಕೊಟ್ಟರೆ ಆ ಅಂಜಿಕೆಗೆ ಅವಕಾಶವಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸುವ ಒಳ್ಳೆಯ ಪದ್ಧತಿಯಿದೆ. ಅಲ್ಲಿ ಮಕ್ಕಳು ಎದ್ದು ಶೌಚಾಲಯದ ಬಾಗಿಲು ಮುರಿದಿದೆ, ಕೊಠಡಿ ಸೋರುತ್ತಿದೆ ಎಂದು ಅಂಜದೆ ಹೇಳುತ್ತಾರೆ. ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ಪಿಪ್ಲೋದಿಯಲ್ಲಿಯೂ ಮೊದಲು ಹೇಳಿದವರು ಮಕ್ಕಳೇ. ಆದ್ದರಿಂದ ಚಪ್ಪಾಳೆಯ ನಂತರ ಆ ಮಾತು ಪಂಚಾಯಿತಿಯ ನಡವಳಿ ಪುಸ್ತಕಕ್ಕೆ ಇಳಿಯಿತೇ ಎಂದು ನೋಡಬೇಕಾದವರು ನಾವು. ಶಾಲೆಗಳಿಗೆ ಬೇಸಿಗೆಯ ರಜೆ ಏಪ್ರಿಲ್ ಎರಡನೆಯ ವಾರದಲ್ಲಿ ಆರಂಭವಾಗಿ ಮೇ ಕೊನೆಯ ವಾರದಲ್ಲಿ ಮುಗಿಯುತ್ತದೆ. ಮುಂಗಾರು ಅದರ ಬೆನ್ನಿಗೇ ಬರುತ್ತದೆ. ಕೊಠಡಿ ಖಾಲಿಯಿದ್ದು ನೆಲ ಒಣಗಿರುವ ಆ ಏಳು ವಾರಗಳೇ ತಾರಸಿಯ ತರಗೆಲೆ ಗುಡಿಸಲು, ಹಂಚು ಕೈಯಾಡಿಸಲು, ಎಂಜಿನಿಯರನ್ನು ಕರೆಸಲು ದೊರೆಯುವ ಕಾಲ. ಅರ್ಜಿಯನ್ನು ಮಾರ್ಚ್ ತಿಂಗಳಲ್ಲಿಯೇ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು, ಒಂದು ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಸಲ್ಲಿಸಿ, ಎರಡು ಕಡೆಯೂ ಸ್ವೀಕೃತಿಯ ಮೊಹರನ್ನು ಹಾಕಿಸಿಕೊಳ್ಳತಕ್ಕದ್ದು.